ಹುಳಿಹಿಟ್ಟು ಕುಡಿದ ಕರು

ಕರುಗಳನ್ನು ತಾಯಿಯ ಹಾಲು ಬಿಡಿಸಿ ಬೇರೆ ಕಟ್ಟಿದ ಮರುದಿನವೇ ಅತ್ತೆ ಚೆಂಬೂರಿಗೆ ಹೊರಡಬೇಕಾಯಿತು. ಮಗಳಿಗೆ ಹೆರಿಗೆ ನೋವು ಶುರುವಾಗಿದೆ ಎಂದು ಸುದ್ದಿ ಬಂದಿತ್ತು. ನನ್ನ ಗಂಡ ದಾದರಿನ ಹೋಟೆಲಿನಲ್ಲಿ ಅಡುಗೆಗಿದ್ದರು, ವಾರಕ್ಕೊಮ್ಮೆ ಮಾತ್ರ ಮನೆಗೆ ಬರುತ್ತಿದ್ದರು. ಹೀಗಾಗಿ ದಹಿಸರಿನ ಆ ಹಂಚಿನ ಮನೆ, ಹಿಂದಿನ ಕೊಟ್ಟಿಗೆ, ಮೂರು ಹಸು, ಮೂರು ಕರು ಎಲ್ಲವೂ ನನ್ನ ತಲೆಗೇ ಬಿದ್ದವು.

ಅದು ಐವತ್ತರ ದಶಕ. ನನಗೆ ಹತ್ತೊಂಬತ್ತು ವರ್ಷ. ಉಡುಪಿ ಕಡೆಯಿಂದ ಮದುವೆಯಾಗಿ ಬಂದು ವರ್ಷವೂ ತುಂಬಿರಲಿಲ್ಲ. ಲೋಕಲ್ ರೈಲು ಹತ್ತಲು ಹೆದರಿಕೆ, ಮರಾಠಿ ಮಾತಾಡಲು ಹೆದರಿಕೆ, ಅತ್ತೆಯ ಹೆದರಿಕೆಯಂತೂ ಹೇಳುವುದೇ ಬೇಡ. ಪುಕ್ಕಲುತನದಲ್ಲಿ ನನ್ನನ್ನು ಮೀರಿಸುವವರು ಆ ಕಾಲದಲ್ಲಿ ದಹಿಸರಿನಲ್ಲಿ ಇರಲಿಲ್ಲವೆಂದೇ ನನ್ನ ನಂಬಿಕೆ.

ಹೊರಡುವ ಮೊದಲು ಅತ್ತೆ ಕೆಂಪು ಹೆಣ್ಣುಗರು ಕೆಂಪಿಯ ಕತ್ತಿನ ಗಂಗೆದೊಗಲು ಸವರಿದರು. ಅದರ ಮೇಲೆ ಅವರಿಗೆ ಜೀವ. "ಮೂರು ದಿನ ಕೂಗ್ತಾವೆ, ಮತ್ತೆ ಸುಮ್ನಾಗ್ತಾವೆ. ಹುಲ್ಲು, ನೀರು ಬಿಟ್ರೆ ಬೇರೆಂತದೂ ಕೊಡ್ಬೇಡ ಮಾರಾಯ್ತಿ" ಎಂದರು. ನಾನು ತಲೆಯಾಡಿಸಿದೆ.

ಆದರೆ ಆ ಕೂಗು ಅಂತಿಂಥದ್ದಲ್ಲ. ಬಿದಿರಿನ ತಡಿಕೆಯ ಈಚೆ ಕರುಗಳು, ಆಚೆ ತಾಯಂದಿರು. ಒಂದು ನಿಲ್ಲಿಸಿದರೆ ಇನ್ನೊಂದು ಶುರು. ಕೆಂಪಿಯದಂತೂ ಗಂಟಲು ಹರಿದುಹೋಗುವ ಕೂಗು. ಬೆಳಗಿನ ಹೊತ್ತಿಗೆ ಪಕ್ಕದ ಮನೆಯ ಮರಾಠಿ ಅಜ್ಜಿ ಬೇಲಿಯ ಹತ್ತಿರ ಬಂದು ನಿಂತರು. ನಮ್ಮ ಮನೆ, ಕೊಟ್ಟಿಗೆ ಎರಡೂ ಅವರ ಜಾಗದಲ್ಲೇ ಇದ್ದವು. ಅವರ ಸೊಸೆ ಹೆತ್ತು ಹನ್ನೆರಡು ದಿನವಾಗಿತ್ತು. "ಬಾಳ್ ಝೋಪತ್ ನಾಹೀ" ಎಂದರು. ಕೂಸಿಗೆ ನಿದ್ದೆಯಿಲ್ಲವಂತೆ. ಮುಂದೆ ಅವರು ಹೇಳಿದ್ದು ನನಗೆ ಅರ್ಧವೂ ತಿಳಿಯಲಿಲ್ಲ. ಕೊಟ್ಟಿಗೆಯತ್ತ ತೋರಿಸಿ ಆಮೇಲೆ ರಸ್ತೆಯತ್ತ ಚಾಚಿದ ಬೆರಳು ಮಾತ್ರ ಚೆನ್ನಾಗಿ ತಿಳಿಯಿತು. ಅತ್ತೆ ಬರುವುದರೊಳಗೆ ಕೊಟ್ಟಿಗೆಯೇ ಇಲ್ಲವಾದರೆ ಏನು ಹೇಳಲಿ ಎಂಬ ಗಾಬರಿಯಲ್ಲಿ ಒಳಗೆ ಓಡಿದೆ.

ಅಡುಗೆಮನೆಯಲ್ಲಿ ಗಂಡ ಹೋಟೆಲಿನಿಂದ ತಂದಿಟ್ಟಿದ್ದ ಇಡ್ಲಿ ಹಿಟ್ಟು ಒಂದು ಡಬ್ಬಿ ಪೂರ್ತಿ ಇತ್ತು. ಹೋಟೆಲಿನಲ್ಲಿ ಹುಳಿ ಹೆಚ್ಚಾದ ಹಿಟ್ಟನ್ನು ಚೆಲ್ಲುವ ಪದ್ಧತಿ ನಮ್ಮವರಲ್ಲಿಲ್ಲ. ಒಂದೆರಡು ಸೌಟು, ಅಕ್ಕಿ ತೊಳೆದ ಅಕ್ಕಚ್ಚಿಗೆ ಬೆರೆಸಿ ಹಸುಗಳಿಗೆ ಇಡುತ್ತಿದ್ದೆವು, ಅವು ಬಾನಿ ನೆಕ್ಕಿ ಮುಗಿಸುತ್ತಿದ್ದವು. ಹಸುವಿಗಾಗುವುದು ಕರುವಿಗೆ ಆಗದೇ ಎಂದುಕೊಂಡೆ. ಹಿಟ್ಟಿಗೆ ಬಿಸಿನೀರು ಬೆರೆಸಿ, ಹೆಚ್ಚು ಗಲಾಟೆ ಮಾಡುವವಳಿಗೆ ಮೊದಲು ಎಂದು ಕೆಂಪಿಯ ಮುಂದಿಟ್ಟೆ. ಮೂತಿ ಹಾಕಿದವಳು ಎತ್ತಲೇ ಇಲ್ಲ. ಉಳಿದೆರಡಕ್ಕೆ ಕೊಡಲು ಒಂದು ತೊಟ್ಟೂ ಮಿಗಲಿಲ್ಲ.

ಕೆಂಪಿ ಸುಮ್ಮನಾದಳು. ಆಶ್ಚರ್ಯವೆಂದರೆ ಉಳಿದವೂ ಕೂಗಿ ಕೂಗಿ ಸುಸ್ತಾಗಿ ಮಲಗಿದವು. ನನಗೆ ಒಳಗೊಳಗೇ ಹೆಮ್ಮೆ. ಅತ್ತೆಗೂ ಗೊತ್ತಿಲ್ಲದ ಉಪಾಯ ಕಂಡುಹಿಡಿದೆ ಎಂದು ಬೀಗುತ್ತ ಊಟಕ್ಕೆ ಕೂತೆ.

ಊಟ ಮುಗಿಸಿ ಹೋಗಿ ನೋಡಿದರೆ ಕೆಂಪಿ ಕಾಲು ಅಗಲಿಸಿ ನಿಂತಿದ್ದಳು. ಎಡಹೊಟ್ಟೆ ಉಬ್ಬಿ ಬೆನ್ನಿನ ಮಟ್ಟಕ್ಕೆ ಬಂದಿತ್ತು. ತಟ್ಟಿದೆ, ಡೋಲಿನ ಸದ್ದು. ಬಾಯಿಂದ ಜೊಲ್ಲು, ಮೇಲೆ ಏದುಸಿರು. ಕೂಗಲು ಬಾಯಿ ತೆರೆಯುತ್ತಿದ್ದಳು, ಸದ್ದೇ ಹೊರಡುತ್ತಿರಲಿಲ್ಲ. ತಡಿಕೆಯಾಚೆ ಅವಳ ತಾಯಿ ಕಿವಿ ನಿಮಿರಿಸಿ ನಿಂತಿತ್ತು. ಕೊಂದೆ, ಅತ್ತೆಯ ಕರುವನ್ನು ಕೈಯಾರೆ ಕೊಂದೆ ಎಂದುಕೊಂಡೆ. ಯಾರನ್ನಾದರೂ ಕರೆಯೋಣವೆಂದರೆ ಮರಾಠಿಯಲ್ಲಿ ಏನೆನ್ನಬೇಕೆಂದೇ ತಿಳಿಯಲಿಲ್ಲ.

ಬಂದದ್ದು ಆ ಅಜ್ಜಿಯೇ. ನಾನು ಕರೆದಿರಲಿಲ್ಲ. ಕರುಗಳ ಸದ್ದು ಇದ್ದಕ್ಕಿದ್ದಂತೆ ನಿಂತುಹೋಯಿತಲ್ಲ ಎಂದು ಅನುಮಾನದಿಂದ ಬಂದಿದ್ದರು. ಕೆಂಪಿಯನ್ನು ನೋಡಿದವರೇ ಸೆರಗು ಸೊಂಟಕ್ಕೆ ಸಿಕ್ಕಿಸಿದರು. "ಕಾಯ್ ದಿಲಂಸ್?" ಏನು ಕೊಟ್ಟೆ ಎಂಬ ಪ್ರಶ್ನೆ. ನಾನು ಹುಲ್ಲು ತೋರಿಸಿದೆ. ಹೌದು, ಅಂಥ ಹೊತ್ತಿನಲ್ಲೂ ಸುಳ್ಳು ಹೇಳಿದೆ. ಅತ್ತೆಗೆ ಗೊತ್ತಾದರೆ ಎಂಬ ಭಯ ಕರುವಿನ ಜೀವಕ್ಕಿಂತ ದೊಡ್ಡದಾಗಿತ್ತು. ಅದನ್ನು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ. ಅಜ್ಜಿ ಕರುವಿನ ಬಾಯಿ ಮೂಸಿ, ನನ್ನ ಮುಖ ನೋಡಿ, ಅದೇ ಪ್ರಶ್ನೆಯನ್ನು ಮೆಲ್ಲಗೆ ಕೇಳಿದರು. ನಾನು ಓಡಿಹೋಗಿ ಖಾಲಿ ಡಬ್ಬಿ ತಂದು ಅವರ ಮುಂದೆ ಹಿಡಿದೆ.

ಅವರು ಬೈಯಲಿಲ್ಲ, ಬೈಯಲು ಪುರುಸೊತ್ತಿರಲಿಲ್ಲ. ಹೊಟ್ಟೆಯ ಗಾಳಿ ತೇಗಾಗಿ ಹೊರಬರಲೆಂದು ಕರುವಿನ ಬಾಯಿಗೆ ಅಡ್ಡಲಾಗಿ ಬೇವಿನ ಕಡ್ಡಿಯಿಟ್ಟು ಕಿವಿಯ ಹಿಂದೆ ದಾರ ಬಿಗಿದರು. ನಾನು ತಂದ ಎಣ್ಣೆಯನ್ನು ಬಿದಿರಿನ ಗೊಟ್ಟದಲ್ಲಿ ತುಂಬಿ, ಕೆಮ್ಮಿದಾಗ ನಿಲ್ಲಿಸುತ್ತ, ಗುಟುಕು ಗುಟುಕಾಗಿ ಕುಡಿಸಿದರು. ಮುಂಗಾಲು ಎತ್ತರಕ್ಕೆ ಬರುವಂತೆ ಗೊಬ್ಬರದ ದಿಬ್ಬದ ಮೇಲೆ ನಿಲ್ಲಿಸಿದರು. ಎಡಹೊಟ್ಟೆ ತಿಕ್ಕುವ ಕೆಲಸ ನನ್ನದು. ತಿಕ್ಕಿದೆ, ಅಳುತ್ತ ಮತ್ತೆ ತಿಕ್ಕಿದೆ. ಕರು ಕಡ್ಡಿಯನ್ನು ಅಗಿಯುತ್ತಲೇ ಇತ್ತು. ಬಿಸಿಲು ಇಳಿಯಿತು, ಹೊಟ್ಟೆ ಇಳಿಯಲಿಲ್ಲ. ನನಗೆ ಗೊತ್ತಿದ್ದ ದೇವರೆಲ್ಲ ಮುಗಿದು, ಅಜ್ಜಿಯ ದೇವರಿಗೂ ಹರಕೆ ಹೊತ್ತೆ.

ಸಂಜೆಯ ಹೊತ್ತಿಗೆ ಕೆಂಪಿ ಉದ್ದಕ್ಕೆ ಒಂದು ತೇಗು ತೇಗಿದಳು. ಹುಳಿಹಿಟ್ಟಿನ ನಾತ ಮುಖಕ್ಕೆ ಬಡಿಯಿತು. ಆಮೇಲೆ ಇನ್ನೊಂದು, ಮತ್ತೊಂದು. ನನ್ನ ಅಂಗೈ ಕೆಳಗೆ ಹೊಟ್ಟೆ ಮೆತ್ತಗಾಗುತ್ತ ಬಂತು. ಅಜ್ಜಿ ಕಡ್ಡಿ ಬಿಚ್ಚಿದರು. ಕೆಂಪಿ ಕುತ್ತಿಗೆ ಚಾಚಿ, ಬೆಳಗಿನದಕ್ಕಿಂತ ಜೋರಾಗಿ ಕೂಗಿದಳು. ತಡಿಕೆಯಾಚೆಯಿಂದ ತಾಯಿ ಓಗೊಟ್ಟಿತು.

ಬೇಲಿಯಾಚೆ ಕೂಸು ಬೆಚ್ಚಿ ಅಳತೊಡಗಿತು. ನಾನು ಗಾಬರಿಯಿಂದ ಎರಡೂ ಕೈಯಲ್ಲಿ ಕರುವಿನ ಬಾಯಿ ಮುಚ್ಚಿದೆ.

ಅಜ್ಜಿ ನನ್ನ ಕೈಗಳನ್ನು ಬಿಡಿಸಿದರು. "ರಡೂ ದೇ" ಎಂದರು. ಅಳಲಿ ಬಿಡು.

ಅವರು ಹೇಳಿದ್ದು ಕರುವಿನ ಬಗ್ಗೆಯೋ ಕೂಸಿನ ಬಗ್ಗೆಯೋ ಎಂದು ನಾನು ಕೇಳಲಿಲ್ಲ. ಗೊಬ್ಬರದ ದಿಬ್ಬದ ಮೇಲೆಯೇ ಕೂತು ನಾನೂ ಅತ್ತುಬಿಟ್ಟೆ.