ಮಳೆಗೆ ಭಾನುವಾರ ರಜೆ

ಘಾಟಿಯ ತಿರುವಿನಲ್ಲಿ ಟ್ಯಾಂಕರೊಂದು ಅಡ್ಡ ಮಲಗಿ, ಕರಾವಳಿಯಿಂದ ಬರಬೇಕಿದ್ದ ಉದ್ಘಾಟಕರು ಬೆಟ್ಟದ ಬುಡದ ಹೋಟೆಲಿನಲ್ಲೇ ಉಳಿದುಬಿಡಬಹುದಿತ್ತು. ವಿದ್ಯುತ್ತು ಹೋಗಬಹುದಿತ್ತು, ವಿದ್ಯುತ್ತು ಇದ್ದೂ ಪ್ರೊಜೆಕ್ಟರ್ ಕೈಕೊಡಬಹುದಿತ್ತು, ಎರಡೂ ಸರಿಯಿದ್ದು, ನನ್ನ ಪೆನ್‌ಡ್ರೈವಿನಿಂದ ಪ್ರಬಂಧದ ಬದಲು ನಾದಿನಿಯ ಸೀಮಂತದ ಚಿತ್ರಗಳು ಪರದೆಯ ಮೇಲೆ ಅವತರಿಸಬಹುದಿತ್ತು. ಶ್ರಾವಣದ ಥಂಡಿಗೆ ದೀಪದ ಬತ್ತಿ ಹತ್ತದೆ, ಐವರು ಗಣ್ಯರು ಐದು ಕಡ್ಡಿ ಗೀರಿ ಅವಮಾನಿತರಾಗಬಹುದಿತ್ತು. ಉಪ್ಪಿಟ್ಟು ತಳ ಹಿಡಿಯಬಹುದಿತ್ತು. ಉದ್ಘಾಟಕರ ಬೂಟಿನೊಳಗೆ ಜಿಗಣೆಯೊಂದು ಸೇರಿ, ಅವರು ಸಂಶೋಧನೆಯ ಮಹತ್ವವನ್ನು ವಿವರಿಸುತ್ತಿರುವಾಗಲೇ ಅದೂ ತನ್ನ ಸಂಶೋಧನೆಯನ್ನು ಮುಂದುವರಿಸಬಹುದಿತ್ತು. ವಿಚಾರ ಸಂಕಿರಣದ ಹಿಂದಿನ ದಿನ ಇವನ್ನೆಲ್ಲ ಪಟ್ಟಿ ಮಾಡಿ ಹೆಂಡತಿಗೆ ಓದಿ ಹೇಳಿದೆ. "ಭೂಕಂಪ ಬಿಟ್ಟೋಯ್ತಲ್ರೀ" ಎಂದಳು. ಸೇರಿಸಿಕೊಂಡೆ.

ನಾನು ಆಲೂರಿನ ಪುಟ್ಟ ಕಾಲೇಜೊಂದರಲ್ಲಿ ನಿರ್ವಹಣಾಶಾಸ್ತ್ರವನ್ನು ಬೋಧಿಸುವವನು. ಮನೆಯಲ್ಲಿ ಗ್ಯಾಸ್ ಸಿಲಿಂಡರ್ ಬದಲಾಯಿಸುವುದನ್ನು ಮಾತ್ರ ಈವರೆಗೂ ನಿರ್ವಹಿಸಲಾಗದವನು. ಬಡ್ತಿಗೆ ಸಂಶೋಧನಾ ಪ್ರಬಂಧ ಬೇಕು, ಅದೂ ಒಂದೇ ಶಾಸ್ತ್ರದ್ದಾದರೆ ಸಾಲದು, ಮೂರು ಶಾಸ್ತ್ರಗಳ ಸಂಗಮವಾಗಬೇಕು ಎಂಬ ಸುದ್ದಿ ಬೆಟ್ಟ ಹತ್ತಿ ನಮ್ಮೂರಿಗೂ ಬಂದಾಗ, ಬೆಂಗಳೂರಿನ ಕೃತಕ ಬುದ್ಧಿಮತ್ತೆಯ ಪ್ರೊಫೆಸರರೊಬ್ಬರೂ ಅವರ ಗೆಳೆಯರಾದ ಭೂವಿಜ್ಞಾನಿಯೊಬ್ಬರೂ ನನ್ನನ್ನು ಮೂರನೆಯ ನದಿಯಾಗಿ ಸೇರಿಸಿಕೊಂಡರು. ಪ್ರಯಾಗದಲ್ಲಿ ಮೂರನೆಯ ನದಿ ಕಣ್ಣಿಗೆ ಕಾಣುವುದಿಲ್ಲವೆಂಬುದು ನಿಮಗೂ ಗೊತ್ತು. ತನಗೆ ತಿಳಿಯದ್ದು ಪಕ್ಕದವನಿಗೆ ತಿಳಿದಿದೆ ಎಂದು ನಂಬುವುದೇ ಬಹುಶಾಸ್ತ್ರೀಯ ಸಂಶೋಧನೆ. ಮೂವರೂ ಹಾಗೆ ನಂಬಿದ ಕ್ಷಣ ಪ್ರಬಂಧ ಸಿದ್ಧ.

ನಮಗೆ ದತ್ತಾಂಶ ಬೇಕಿತ್ತು. ಹಾನುಬಾಳಿನ ಕಡೆ ಬಸವೇಗೌಡರ ಎಸ್ಟೇಟಿನಲ್ಲಿ, ಎಲ್ಲ ಕಾಫಿ ತೋಟಗಳಲ್ಲಿರುವಂತೆ, ಮಳೆಯ ರಿಜಿಸ್ಟರು ಇತ್ತು. ಇಲ್ಲಿ ಮಳೆ ಲೆಕ್ಕವೆಂದರೆ ಜಾತಕವಿದ್ದಂತೆ; ಮಗನ ಹುಟ್ಟಿದ ತಾರೀಖು ಮರೆತವರೂ ಆ ವರ್ಷ ಕಾಫಿಯನ್ನು ಅರಳಿಸಿದ ಹೂಮಳೆ ಎಷ್ಟು ಇಂಚೆಂಬುದನ್ನು ಮರೆಯುವುದಿಲ್ಲ. ತೋಟದ ಲೆಕ್ಕಪತ್ರ, ಆಳುಕಾಳು ನೋಡಿಕೊಳ್ಳುವ ರೈಟರ್ ಸಿರಿಲ್ ಮೂವತ್ತು ವರ್ಷಗಳಿಂದ ಬೆಳಿಗ್ಗೆ ಎಂಟೂವರೆಗೆ ಮಾಪಕದ ನೀರನ್ನು ಅಳತೆಗಾಜಿಗೆ ಸುರಿದು, ಮುತ್ತು ಪೋಣಿಸಿದಂಥ ಅಕ್ಷರಗಳಲ್ಲಿ ಬರೆದಿಟ್ಟಿದ್ದರು. ಅದನ್ನೆಲ್ಲ ಕಂಪ್ಯೂಟರಿಗೆ ಹತ್ತಿಸಿದೆವು. ಯಂತ್ರ ಮೂರು ದಿನ ತಪಸ್ಸು ಮಾಡಿ ವರ ಕೊಟ್ಟಿತು: ಈ ಸೀಮೆಯಲ್ಲಿ ಭಾನುವಾರ ಮಳೆ ಬರುವುದಿಲ್ಲ, ಸೋಮವಾರ ದುಪ್ಪಟ್ಟು ಬರುತ್ತದೆ.

ಪ್ರೊಫೆಸರರು ಹಿಗ್ಗಿದರು. ಭೂವಿಜ್ಞಾನಿಗಳು ಎರಡು ದಿನ ಯೋಚಿಸಿ, ವಾರಾಂತ್ಯದಲ್ಲಿ ಹೆದ್ದಾರಿಯಲ್ಲಿ ಸಾಗುವ ಪ್ರವಾಸಿ ವಾಹನಗಳ ಧೂಳು ಮೇಲೇರಿ ಮೋಡವನ್ನು ಒಂದು ದಿನ ತಡೆಹಿಡಿಯುತ್ತದೆ ಎಂದು ಹನ್ನೊಂದು ಪುಟ ಬರೆದರು. ಯಂತ್ರ ಏನು ಹೇಳಿದರೂ ಅದಕ್ಕೊಂದು ಕಾರಣವನ್ನು ಒದಗಿಸುವ ಭೂಮಿತಾಯಿಯ ಔದಾರ್ಯ ದೊಡ್ಡದು. ನಾನು ನಾಲ್ಕು ಬಾಣಗಳ ಚಿತ್ರ ಬರೆದು, 'ರಜಾ ಸ್ಥಳಾಂತರ ಮಾದರಿ' ಎಂದು ನಾಮಕರಣ ಮಾಡಿ, ಒಣಗಿರುವ ಭಾನುವಾರ ಕೆಲಸವನ್ನೂ ಒದ್ದೆಯಾದ ಸೋಮವಾರ ರಜೆಯನ್ನೂ ಇಟ್ಟರೆ ತೋಟಗಳಿಗೆ ಶ್ರೇಯಸ್ಸೆಂದು ಸಾರಿದೆ. ಇದನ್ನು ಬರೆದದ್ದು ಒಂದು ಭಾನುವಾರ. ಅಂದು ಬೆಳಿಗ್ಗೆ ಸಂತೆಮಾಳದಿಂದ ಮೀನು ತರಲು ಹೋಗಿ ತೊಪ್ಪೆಯಾಗಿ ಬಂದು, ತಲೆ ಒರೆಸಿಕೊಂಡು, ಪಂಚೆ ಬದಲಿಸಿ, 'ಭಾನುವಾರದ ಶುಷ್ಕತೆ' ಎಂಬ ಉಪಶೀರ್ಷಿಕೆಯನ್ನು ಟೈಪ್ ಮಾಡಿದೆ. ಕತ್ತೆಗಾದರೂ ಮೈ ಒದ್ದೆಯಾದರೆ ಮಳೆಯೆಂದು ತಿಳಿಯುತ್ತದೆ; ಆದರೆ ಕತ್ತೆಗೆ ಬಡ್ತಿಯ ಆಸೆ ಇರುವುದಿಲ್ಲ.

ಸಂಕಿರಣಕ್ಕೆ ನಾಲ್ಕು ದಿನವಿದ್ದಾಗ, ಅದರ ಅಧ್ಯಕ್ಷರೂ ಆಗಿದ್ದ ಬಸವೇಗೌಡರಿಗೆ ಆಹ್ವಾನಪತ್ರಿಕೆ ಕೊಡಲು ತೋಟಕ್ಕೆ ಹೋದೆ. ಕೆಲಸಗಾರರ ಮನೆಗಳ ಸಾಲಿನ ಮುಂದೆ, ಆ ಊರಿನವರು 'ಲೈನು' ಎನ್ನುವ ಕಡೆ, ಗಂಗಮ್ಮ ಎಂಬಾಕೆ ಕಂಬಳಿಕೊಪ್ಪೆ ಸರಿಸಿ ಅಡ್ಡ ನಿಂತಳು.

"ಭಾನ್ವಾರದ ರಜ ಕಿತ್ತಾಕ್ಸ್ತಿರೋದು ನೀವೇಯಂತಲ್ಲ ಸಾ?"

ಕಿತ್ತುಹಾಕುತ್ತಿಲ್ಲ, ಸ್ಥಳಾಂತರಿಸುತ್ತಿದ್ದೇವೆ ಎಂದೆ.

"ಅದೆಂತದೋ ನಂಗ್ ಗೊತ್ತಿಲ್ಲ. ನನ್ ಮಗ್ಳು ಕುಂದೂರ್ ಹಾಸ್ಟ್ಲಾಗೈತೆ. ಭಾನ್ವಾರ ಬಿಟ್ರೆ ಒಳಿಕ್ ಬಿಡಕಿಲ್ಲ. ಸೋಮ್ವಾರ ರಜ ಕೊಟ್ರೆ ನಾನ್ ಹೋಗಿ ಗೇಟ್ ನೋಡ್ಕಂಡ್ ಬರ್‍ಲಾ? ಆರ್‍ನೇ ಕ್ಲಾಸು ಸಾ, ಇನ್ನೂ ರಾತ್ರಿ ಅಳ್ತದಂತೆ."

ನನ್ನ ನಾಲ್ಕು ಬಾಣಗಳಲ್ಲಿ ಒಂದೂ ಕುಂದೂರಿನ ಕಡೆ ತಿರುಗಿರಲಿಲ್ಲ. ನೇರ ಕಾಫಿ ಸ್ಟೋರಿನ ಕಡೆ ನಡೆದೆ. ಅಲ್ಲಿ ಸಿರಿಲ್ ಒಬ್ಬರೇ ಇದ್ದರು.

"ಅಲ್ಲ ಸಿರಿಲ್, ನಿಜವಾಗಲೂ ಇಲ್ಲಿ ಭಾನುವಾರ ಮಳೆ ಬರುವುದಿಲ್ಲವೇ?"

ಅವರು ನನ್ನನ್ನು ಕರುಣೆಯಿಂದ ನೋಡಿದರು. "ಎಂತ ಸರ್ ನೀವು, ಇದೇ ಊರಲ್ಲಿದ್ದು! ಭಾನುವಾರ ನಾನು ಏಳು ಗಂಟೆ ಜೀಪಿಗೆ ಸಕಲೇಶಪುರಕ್ಕೆ ಹೋಗ್ತೇನೆ, ಚರ್ಚಿನ ಪೂಜೆಗೆ. ಆಮೇಲೆ ಅಳೆಯೋದು ಯಾರು? ಪುಸ್ತಕದಲ್ಲಿ ಒಂದು ಗೆರೆ ಎಳೀತೇನೆ. ಎರಡು ದಿನದ್ದು ಸೇರಿಸಿ ಸೋಮವಾರ ಬರೀತೇನೆ. ಒಟ್ಟು ಲೆಕ್ಕ ತಪ್ಪೋದಿಲ್ಲ ಅಲ್ವಾ?"

ಆ ಗೆರೆಯನ್ನು ನಾವು ಸೊನ್ನೆಯೆಂದು ತುಂಬಿದ್ದೆವು. ಮೂವರು ಪಂಡಿತರೂ ಒಂದು ಯಂತ್ರವೂ ಸೇರಿ ಕಂಡುಹಿಡಿದದ್ದು ಪ್ರಕೃತಿಯ ರಹಸ್ಯವನ್ನಲ್ಲ. ಸಿರಿಲ್ ದೈವಭಕ್ತರು ಎಂಬುದನ್ನು.

"ಧಣಿಗೆ ಗೊತ್ತಿಲ್ಲ ಸರ್," ಎಂದು ಅವರು ದನಿ ತಗ್ಗಿಸಿದರು. "ದಿನಾ ನೋಡ್ತೇನೆ ಅಂತ ಅವರು ತಿಳ್ಕೊಂಡಿದ್ದಾರೆ. ನನ್ನ ಹೆಸರು ಬೇಡ, ಆಯ್ತಾ?"

ಮನೆಗೆ ಬಂದವನೇ ಪ್ರೊಫೆಸರರಿಗೆ ಫೋನ್ ಮಾಡಿದೆ. ಅವರು ಗಾಬರಿಯಾಗಲಿಲ್ಲ. ಗಾಬರಿ ಒಂದೇ ಶಾಸ್ತ್ರ ಬಲ್ಲವರ ಕಾಯಿಲೆ. "ಸಂಕಿರಣದ ಪುಸ್ತಕ ಅಚ್ಚಾಗಿದೆ ಸರ್. ಅಧ್ಯಯನದ ಮಿತಿಗಳು ಅಂತ ಮುಂದಿನ ಪ್ರಬಂಧದಲ್ಲಿ ಒಂದು ಸಾಲು ಹಾಕೋಣ. ಅದೇ ಇನ್ನೊಂದು ಪ್ರಬಂಧ ಆಗುತ್ತೆ!" ಎಂದರು. ತಪ್ಪನ್ನು ಒಮ್ಮೆ ಮಾಡಿ ಒಂದು ಪ್ರಬಂಧ, ಒಪ್ಪಿಕೊಂಡು ಇನ್ನೊಂದು! ನನಗೆ ರೋಮಾಂಚನವಾಯಿತೆಂದು ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇನೆ.

ಸಂಕಿರಣ ನಡೆಯಿತು. ನಾನು ಚಿಂತಿಸಿದ್ದೊಂದೂ ಆಗಲಿಲ್ಲ. ಟ್ಯಾಂಕರುಗಳು ನೆಟ್ಟಗೆ ನಡೆದವು, ದೀಪ ಮೊದಲ ಕಡ್ಡಿಗೇ ಹತ್ತಿತು, ಭೂಮಿ ಕಂಪಿಸಲಿಲ್ಲ. ಧೂಳಿನ ಸಿದ್ಧಾಂತಕ್ಕೆ ಚಪ್ಪಾಳೆ ಬಿತ್ತು. ಹೊರಗೆ ಮಳೆ ಎಷ್ಟು ಜೋರಿತ್ತೆಂದರೆ ಭೂವಿಜ್ಞಾನಿಗಳು ಮಳೆಯ ಬಗ್ಗೆ ಹೇಳಿದ್ದು ಮಳೆಯಿಂದಾಗಿ ಕೇಳಿಸಲಿಲ್ಲ. ಕೊನೆಗೆ ಬಸವೇಗೌಡರು ಎದ್ದು, "ದೊಡ್ಡ ದೊಡ್ಡೋರು ಹೇಳವ್ರೆ. ಇದೇ ವಾರದಿಂದ ನಮ್ ತೋಟದಲ್ಲಿ ಭಾನುವಾರ ಕೆಲ್ಸ, ಸೋಮವಾರ ರಜ" ಎಂದು ಘೋಷಿಸಿದರು.

ಉಳಿದದ್ದು ವಂದನಾರ್ಪಣೆ. ಅದು ನನ್ನ ಪಾಲಿನದು. ವಂದನಾರ್ಪಣೆಯೆಂದರೆ ಕುರ್ಚಿಗಳು ಕಿರುಗುಟ್ಟುವ, ಊಟದ ಮನೆಯ ಕಡೆ ಕತ್ತು ತಿರುಗುವ ಹೊತ್ತು. ಅಲ್ಲಿ ಕೊಲೆಯನ್ನು ಒಪ್ಪಿಕೊಂಡರೂ ಯಾರೂ ತಲೆಯೆತ್ತರು. ಉದ್ಘಾಟಕರನ್ನು, ಮೈಕಿನವರನ್ನು, ಅಡಿಗೆಯವರನ್ನು ವಂದಿಸಿದೆ. ರಾತ್ರಿ ಅಳುವ, ನಾನು ಕಂಡೇ ಇರದ ಆರನೆಯ ಕ್ಲಾಸಿನ ಹುಡುಗಿ ಕಣ್ಣ ಮುಂದೆ ಬಂದಳು. ಚೀಟಿಯಲ್ಲಿ ಇಲ್ಲದ್ದನ್ನು ನಾಲಿಗೆ ನುಡಿಯಿತು: "ಮೂವತ್ತು ವರ್ಷ ವಾರಕ್ಕೆ ಆರು ದಿನ ಮಳೆಯನ್ನಳೆದು, ಭಾನುವಾರ ಮಾತ್ರ ಪೂಜೆಗೆ ಹೋಗಿ, ಎರಡು ದಿನದ ನೀರನ್ನು ಸೋಮವಾರದ ಲೆಕ್ಕಕ್ಕೆ ಬರೆದು, ನಮ್ಮ ಇಡೀ ಸಂಶೋಧನೆಯನ್ನು ಸಾಧ್ಯವಾಗಿಸಿದ ಶ್ರೀ ಸಿರಿಲ್ ಅವರಿಗೆ ಅನಂತ ವಂದನೆಗಳು."

ಸಭೆ ಚಪ್ಪಾಳೆ ತಟ್ಟಿತು. ಪ್ರೊಫೆಸರರೂ ತಟ್ಟಿದರು. ಬಸವೇಗೌಡರೊಬ್ಬರು ಮಾತ್ರ ತಟ್ಟಲಿಲ್ಲ. ಊಟದ ಸಾಲಿನಲ್ಲಿ ನನ್ನ ತೋಳು ಹಿಡಿದರು.

"ಏನ್ ಮೇಷ್ಟ್ರೇ ನೀವಂದಿದ್ದು? ಹಂಗಾರೆ ಭಾನ್ವಾರ ಮಳೆ ಬತ್ತದೆ!"

"ಬರುತ್ತದೆ."

"ಥೂ ನಿಮ್ಮ! ಮೂರ್ ಜನ ಓದಿರೋರು ಸೇರ್‍ಕಂಡು, ಕಿಟಕಿ ತಗುದ್ ನೋಡಕ್ಕೆ ಆಗ್ಲಿಲ್ವಾ?"

ನಮ್ಮ ಪ್ರಬಂಧದ ಬಗ್ಗೆ ಬಂದ ವಿಮರ್ಶೆಗಳಲ್ಲಿ ಶಾಸ್ತ್ರೀಯವಾದದ್ದು ಇದೊಂದೇ.

ಘೋಷಣೆ ಪಾಯಸದ ಹೊತ್ತಿಗೆ ರದ್ದಾಯಿತು. ಆದರೂ ಚಿಂತೆ ನನ್ನ ಕುಲವೃತ್ತಿಯಾದ್ದರಿಂದ, ಗೌಡರ ಮನಸ್ಸು ಮತ್ತೆ ಬದಲಾಯಿತೇನೋ ಎಂದು ಆ ಭಾನುವಾರ ಬೆಳಿಗ್ಗೆ ತೋಟಕ್ಕೇ ಹೊರಟೆ. ಹಾನುಬಾಳಿನ ಬಸ್ ನಿಲ್ದಾಣದಲ್ಲಿ ಗಂಗಮ್ಮ ತಲೆಗೆ ಹೂ ಮುಡಿದು, ಮಡಿಲಲ್ಲಿ ಕಡುಬಿನ ಡಬ್ಬಿ ಇಟ್ಟುಕೊಂಡು ಕೂತಿದ್ದಳು. ನನ್ನನ್ನು ಕಂಡು ಡಬ್ಬಿಯನ್ನು ತುಸು ಆಚೆ ಸರಿಸಿದಳು, ಅದನ್ನೂ ಸ್ಥಳಾಂತರಿಸಿಬಿಡುತ್ತೇನೆಂಬಂತೆ. ಶನಿವಾರದಿಂದಲೇ ಮಳೆ ಬಿಟ್ಟು, ಬೆಟ್ಟಗಳ ಮೇಲೆ ಎಳೆಬಿಸಿಲು ಬಿದ್ದಿತ್ತು.

ತೋಟದಲ್ಲಿ ಮಾಪಕದ ಬಳಿ ಸಿರಿಲ್ ನಿಂತಿದ್ದರು, ಚರ್ಚಿಗೆಂದು ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ. ಭಾನುವಾರವೂ ಎಂಟೂವರೆಗೆ ನೋಡಲೇಬೇಕೆಂದು ಧಣಿಯ ಅಪ್ಪಣೆಯಾಗಿತ್ತಂತೆ. ಏಳರ ಜೀಪು ಹೋಗಿಯಾಗಿತ್ತು.

"ಎಷ್ಟು ಸಿರಿಲ್?" ಎಂದೆ.

ಅವರು ನನ್ನ ಕಡೆ ನೋಡಲಿಲ್ಲ. ಅಳತೆಗಾಜನ್ನು ಬಿಸಿಲಿಗೆ ಹಿಡಿದರು, ತಲೆಕೆಳಗು ಮಾಡಿದರು. ಒಂದು ಹನಿಯೂ ಬೀಳಲಿಲ್ಲ. ರಿಜಿಸ್ಟರು ತೆರೆದು, ಮೂವತ್ತು ವರ್ಷ ಗೆರೆ ಎಳೆದ ಜಾಗದಲ್ಲಿ, ದುಂಡಗೆ ಒಂದು ಸೊನ್ನೆ ಬರೆದರು.