ಬೆಳ್ಳುಳ್ಳಿ ಎಣ್ಣೆ ಬಿದ್ದ ಕಿವಿ

ಇಷ್ಟು ವರ್ಷದ ಸರ್ಕಾರಿ ನೌಕರಿಯಲ್ಲಿ ರಜೆ ಮುಗಿದ ಮಾರನೆಯ ದಿನ ನಾನು ನನ್ನ ಕುರ್ಚಿಯಲ್ಲಿ ಇಲ್ಲದೆ ಇದ್ದದ್ದೇ ಇಲ್ಲ. ಆ ಹೆಮ್ಮೆಗೆ ದಂಡ ತೆತ್ತದ್ದು ಹೆಂಡತಿಯ ಬಲಗಿವಿ.

ಸರ್ಕಾರ ಕೊಡುವ ಪ್ರವಾಸ ಸೌಲಭ್ಯ, ನಮ್ಮ ಎಲ್‌ಟಿಸಿ, ಬಳಸಿಕೊಂಡು ಅಂಡಮಾನಿಗೆ ಹೋಗಿದ್ದೆವು. ವಾಪಸ್ ಹೊರಡುವ ಬೆಳಿಗ್ಗೆ ಹೋಟೆಲಿನಲ್ಲಿ ಅವಳು, "ಮೂಗು ಪೂರ್ತಿ ಕಟ್ಟಿದೆ ರೀ. ಎರಡು ದಿನ ತಡೆದು ಹೋಗೋಣ್ವಾ?" ಎಂದಳು. ನೆಗಡಿಗೆಲ್ಲ ರಜೆ ಮುಂದುವರಿಸುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಸಡ್ಡೆ.

"ಸೋಮವಾರ ಜಾಯಿನಿಂಗ್ ರಿಪೋರ್ಟ್ ಕೊಡ್ಬೇಕು. ಬಿಸಿನೀರು ಕುಡಿ, ಸರಿಹೋಗತ್ತೆ. ಚಲೋ."

ದೆಹಲಿ ಹತ್ತಿರವಾಗಿ ವಿಮಾನ ಇಳಿಯತೊಡಗಿದಾಗ ಅವಳು ನನ್ನ ಮುಂಗೈ ಗಟ್ಟಿಯಾಗಿ ಹಿಡಿದಳು. ಆಕಳಿಸಿದಳು, ಉಗುಳು ನುಂಗಿದಳು, ನಾನು ಕೊಟ್ಟ ಪೆಪ್ಪರಮಿಂಟು ಚೀಪಿದಳು. ಕಿವಿಯೊಳಗೆ ಏನೋ ಪಟ್ ಎಂದಿತಂತೆ. ನೋವು ಇಳಿಯಿತು, ಆ ಕಿವಿಗೆ ಕೇಳಿಸುವುದೂ ನಿಂತಿತು. ಕರವಸ್ತ್ರದಲ್ಲಿ ಒಂದು ಹನಿ ರಕ್ತವಿತ್ತು.

ಲೋಧಿ ಕಾಲೋನಿಯ ಮನೆಗೆ ಬಂದವನೇ, ನಮ್ಮಮ್ಮ ಮಾಡುತ್ತಿದ್ದಂತೆ ಬೆಳ್ಳುಳ್ಳಿ ಜಜ್ಜಿ ಕೊಬ್ಬರಿ ಎಣ್ಣೆಯಲ್ಲಿ ಕಾಯಿಸಿ, ಉಗುರುಬೆಚ್ಚಗೆ ಆ ಕಿವಿಗೇ ಬಿಟ್ಟೆ. ಅವಳು ತಲೆ ಸುತ್ತಿ ಮಂಚ ಹಿಡಿದುಕೊಂಡಳು.

ಮರುದಿನ ಆಫೀಸು ಮುಗಿಸಿ ಬಂದು ಕರೆದುಕೊಂಡು ಹೋದಾಗ ಕಿವಿಯ ಡಾಕ್ಟರಮ್ಮ ಬೆಳಕು ಬಿಟ್ಟು ನೋಡಿದರು. ಗಾಳಿಯ ಒತ್ತಡಕ್ಕೆ ಕಿವಿಯ ತಮಟೆ ಹರಿದಿತ್ತು; ಮೇಲಿಂದ ಎಣ್ಣೆ ಬೇರೆ ಒಳಗಿಳಿದಿತ್ತು.

"ಯೇ ತೇಲ್ ಕಿಸ್‌ನೇ ಡಾಲಾ?" ಈ ಎಣ್ಣೆ ಹಾಕಿದ್ದು ಯಾರು ಎಂದು ಗದರಿದರು.

ನಾನು ಗೋಡೆಯ ಪಟ ನೋಡುತ್ತಿದ್ದೆ. "ಮೈಂನೇ," ಎಂದು ತನ್ನ ಮೇಲೆ ಹಾಕಿಕೊಂಡಳು ನನ್ನ ಹೆಂಡತಿ. ನನಗೆ ಸಲ್ಲಬೇಕಾದ ಬೈಗುಳವನ್ನೆಲ್ಲ ತಲೆ ತಗ್ಗಿಸಿ ಕೇಳಿಸಿಕೊಂಡಳು. ಆಫೀಸಿನಲ್ಲಿ ಊರವರ ತಪ್ಪು ಹುಡುಕುವ ನಾನು ಆ ಪಟದಲ್ಲೇ ಕಣ್ಣು ನೆಟ್ಟಿದ್ದೆ. ಅದನ್ನು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಅವಳು ಭಾನುವಾರ ಕಾಲೋನಿಯ ಮಕ್ಕಳಿಗೆ ಸಂಗೀತ ಹೇಳಿಕೊಡುವವಳು. ಕಿವಿ ಸರಿಹೋಗದಿದ್ದರೆ ತಂಬೂರಿ ಶ್ರುತಿ ಮಾಡುವುದು ಹೇಗೆ? ಆರು ವಾರ ಕಾಯಬೇಕು ಎಂದಿದ್ದರು ಡಾಕ್ಟರು. ಅಷ್ಟೂ ಭಾನುವಾರ ಮಕ್ಕಳನ್ನು ಬಾಗಿಲಿನಿಂದಲೇ ವಾಪಸ್ ಕಳಿಸಿದಳು. ತಂಬೂರಿಯ ಗವಸು ತೆಗೆಯಲಿಲ್ಲ.

ಏಳನೆಯ ಭಾನುವಾರ ತೆಗೆದಳು. ಚೆನ್ನಾಗಿದ್ದ ಎಡಗಿವಿಗೆ ಹತ್ತಿ ತುರುಕಿ ತಂತಿ ಮೀಟಿದಳು. ಬಿರಡೆ ತಿರುಗಿಸಿದಳು, ಮತ್ತೆ ಮೀಟಿದಳು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ.

"ಕೇಳಿಸ್ತಿದೆ," ಎಂದಳು.

ನನಗೆ ಅಳು ಬಂತು. ಎಣ್ಣೆ ಹಾಕಿದ್ದಕ್ಕೆ ಕ್ಷಮೆ ಕೇಳಿದೆ.

"ಎಣ್ಣೆ ಬಿಡಿ, ಪಾಪ, ಪ್ರೀತಿಯಿಂದ ಹಾಕಿದ್ರಿ," ಎನ್ನುತ್ತ ಅವಳು ಹತ್ತಿ ತೆಗೆದಳು. "ಹೋಟೆಲಲ್ಲಿ ಎರಡು ದಿನ ತಡೆಯೋಣ ಅಂದೆನಲ್ಲ, ಆಗ ನಿಮ್ಮ ಕಿವಿಗೆ ಏನಾಗಿತ್ತು?"