ಅಗಲದ ಲೆನ್ಸಿನಲ್ಲಿ ಬಂದವರು

ಓದುಗರಿಗೆ ನಮಸ್ಕಾರ. ತಡವಾಗಿ ಓದು ಕಲಿತವನು ನಾನು, ತಪ್ಪಿದ್ದರೆ ಮನ್ನಿಸಿ.

ಕೊಳ್ಳೇಗಾಲದಲ್ಲಿ ನನಗೆ ಫೋಟೋ ಕಲಿಸಿದ ಸ್ಟುಡಿಯೋದವರು, ಲೆನ್ಸನ್ನು ಅಂಗಿಯ ತುದಿಯಿಂದ ಒರೆಸಿ, "ಅಲ್ಲಾಡ್‌ಬ್ಯಾಡಿ ಕಣ್ರಪ್ಪ" ಎಂದ ಮೇಲೇ ಕ್ಲಿಕ್ ಮಾಡುತ್ತಿದ್ದರು. ನನ್ನದು ಚಿಕ್ಕ ಸೆನ್ಸರ್‌ನ ಕ್ಯಾಮೆರಾ, ಚೌಕಟ್ಟಿನಲ್ಲಿ ಹೆಚ್ಚು ಜನ ಹಿಡಿಯುವುದಿಲ್ಲ. ಸಣ್ಣ ಮನೆಯೊಳಗೆ ಎಲ್ಲರನ್ನೂ ಹಿಡಿಯುವ, ಕಡಿಮೆ ಬೆಲೆಯ ಅಗಲದ ಲೆನ್ಸ್ ಯಾವುದೆಂದು ಕೇಳಿದೆ.

"ನಂದೇ ಐತಲ್ಲ, ಬಾರ್ಲಾ, ನೋಡೀವಂತೆ" ಎಂದು ಬಂಡಳ್ಳಿಯ ಸಾವಿನ ಮನೆಯೊಂದರ ಫೋಟೋ ಕೆಲಸಕ್ಕೆ ಕರೆದೊಯ್ದರು.

ಅಲ್ಲಿ ತೀರಿಹೋದ ಯಜಮಾನರನ್ನು ನಮ್ಮ ಪದ್ಧತಿಯಂತೆ ಗೋಡೆಗೆ ಒರಗಿಸಿ ಕೂರಿಸಿದ್ದರು. ಪಕ್ಕದಲ್ಲಿ ಅವರ ಹೆಂಡತಿ, ಸುತ್ತ ಮಕ್ಕಳು, ಸೊಸೆಯರು.

"ಫ್ಲ್ಯಾಶ್ ಬ್ಯಾಡಿ ಸಾ, ಅಪ್ಪನ್ ಮಕದ್ ಮ್ಯಾಲೆ ಮಿಂಚ್ ಬೀಳ್ಬಾರ್ದು" ಎಂದ ದೊಡ್ಡ ಮಗ.

ಸ್ಟುಡಿಯೋದವರು ಹೆಣದ ತೀರ ಹತ್ತಿರ ಕುಕ್ಕರಗಾಲಲ್ಲಿ ಕುಳಿತು, ಅಭ್ಯಾಸಬಲದಿಂದ ಸತ್ತವರಿಗೂ "ಅಲ್ಲಾಡ್‌ಬ್ಯಾಡಿ" ಎಂದರು.

ಸಂಜೆ ಸ್ಟುಡಿಯೋದ ಕಂಪ್ಯೂಟರಿನಲ್ಲಿ ಫೋಟೋ ತೆರೆದು ನೋಡಿದೆವು. ಎಲ್ಲರೂ ಫೋಟೋದೊಳಗೆ ಬಂದಿದ್ದರು. ಆದರೆ ಅಗ್ಗದ ಲೆನ್ಸಿಗೆ ಬೆಳಕು ಸಾಲದೆ ಶಟರ್ ನಿಧಾನವಾಗಿತ್ತು, ಕೊಂಚ ಅಲ್ಲಾಡಿದರೂ ಮಸುಕಾಗುತ್ತಿತ್ತು. ಅಳುತ್ತಿದ್ದವರ ಮುಖಗಳು ಹೊಗೆಯಂತೆ ಕದಡಿದ್ದವು. ಸತ್ತವರು ಮಾತ್ರ ರೆಪ್ಪೆಗೂದಲು ಕಾಣುವಷ್ಟು ಸ್ಪಷ್ಟ. ಪಕ್ಕದಲ್ಲಿ ಕೂತಿದ್ದ ಅವರ ಹೆಂಡತಿ, ಆ ಅಜ್ಜಿಯೂ ಅಷ್ಟೇ ಸ್ಪಷ್ಟ.

ಸ್ಟುಡಿಯೋದವರು ಕಂಪ್ಯೂಟರ್ ಪರದೆಯನ್ನೇ ಅಂಗಿಯಿಂದ ಒರೆಸಿದರು. "ಲೇ, ಬದ್ಕಿರೋರು ಇಷ್ಟ್ ನೆಟ್ಗೆ ಬರಲ್ಲ ಕಣ್ಲಾ. ಅಜ್ಜಿ ಅವ್ಳೋ ಇಲ್ವೋ?"

ಪ್ರಿಂಟ್ ಕೊಡುವ ನೆಪದಲ್ಲಿ ಮರುದಿನವೇ ಓಡಿದೆವು.

ಅಜ್ಜಿ ಜಗುಲಿಯ ಮೇಲೆ ಕೂತಿದ್ದರು. ಫೋಟೋ ನೋಡಿ, "ಅವ್ರ್ ಜೊತೆ ಚಂದಾಗ್ ಬರ್ಲಿ ಅಂತ ಉಸ್ರು ಬಿಗಿಯಾಗ್ ಇಡ್ಕಂಡಿದ್ದೆ" ಎಂದರು. ನಮಗೆ ಜೀವ ಬಂತು. ಆಮೇಲೆ ಮಕ್ಕಳ ಹೊಗೆಯಂಥ ಮುಖಗಳ ಮೇಲೆ ಬೆರಳಾಡಿಸಿ ಮೆಲ್ಲಗೆ ಕೇಳಿದರು: "ಇವ್ರೆಲ್ಲಾ ಯಾವಾಗ್ ತೀರ್ಕಂಡ್ರಪ್ಪ?"

ಆ ಲೆನ್ಸ್ ನಾನು ಕೊಳ್ಳಲಿಲ್ಲ. ನಿಮ್ಮ ಫೋಟೋಗಳಲ್ಲೂ ಹೀಗಾಗಿದ್ದರೆ ದಯವಿಟ್ಟು ಬರೆದು ತಿಳಿಸಿ.